ಟನ್‌ಗೆ ಎಷ್ಟು, ತೂಕ ಯಾರ ಮುಂದೆ?

2025ರ ಮಾರ್ಚ್ ಕೊನೆ ವಾರ ಚಿಕ್ಕಮ್ಮನ ಮಗನಿಂದ ವಾಟ್ಸಾಪ್ ಮೆಸೇಜ್ ಬಂತು. "ಅಣ್ಣ, ಪಿಯುಸಿ ಎಕ್ಸಾಮ್ ಮುಗೀತು. ಕಾಲೇಜು ಶುರುವಾಗೋವರೆಗೆ ಏನಾದ್ರೂ ಕೆಲಸ ಬೇಕು. ಊರ ಹುಡುಗ್ರು ನೀಲಗಿರಿ ಕಟಿಂಗ್‌ಗೆ ಹೋಗ್ತಿದ್ದಾರೆ. ನಾನೂ ಹೋಗ್ಲಾ?"

ಅದರ ಬೆನ್ನಿಗೇ ಚಿಕ್ಕಮ್ಮನ ವಾಯ್ಸ್ ನೋಟ್: "ಬೇಡ ಅಂತ ಹೇಳಪ್ಪ. ನಿನ್ನ ಮಾತಾದ್ರೆ ಕೇಳ್ತಾನೆ."

ಎರಡಕ್ಕೂ ನೀಲಿ ಟಿಕ್ ಬಿತ್ತು. ಉತ್ತರ ಬರೆಯೋಕೆ ಮಾತ್ರ ಎರಡು ದಿನ ಹಿಡೀತು. ಯಾಕಂದ್ರೆ 2013ರ ಬೇಸಿಗೆಯಲ್ಲಿ ನಾನೂ ಅದೇ ಕೆಲಸಕ್ಕೆ ಹೋಗಿದ್ದೆ. ಮನೆಯವರನ್ನು ಬಿಟ್ಟರೆ ಅದನ್ನು ಯಾರಿಗೂ ಹೇಳಿಲ್ಲ. ಲಿಂಕ್ಡ್‌ಇನ್‌ನಲ್ಲಿ ನನ್ನ ಚರಿತ್ರೆ ಶುರುವಾಗೋದು 2017ರಿಂದ, ಮೊದಲ ಸಾಫ್ಟ್‌ವೇರ್ ಕಂಪನಿಯ ಐಡಿ ಕಾರ್ಡ್ ಕತ್ತಿಗೆ ಬಿದ್ದ ದಿನದಿಂದ.

ನಮ್ಮದು ನಂದಿದುರ್ಗ. ಹಾಗಂದ ಕೂಡಲೇ ಆಫೀಸಿನಲ್ಲಿ "ಓ, ನಂದಿ ಹಿಲ್ಸ್, ಸನ್‌ರೈಸ್!" ಅಂತಾರೆ. ಅದಲ್ಲ. ನಾನು ಹೇಳ್ತಿರೋದು ಕೆಜಿಎಫ್‌ನ ನಂದಿದುರ್ಗ ಗಣಿ, ಅದರ ಸುತ್ತಲಿನ ಕಾರ್ಮಿಕರ ಲೈನುಗಳು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ನನಗೆ ಆರು ವರ್ಷ. ಮಾರನೇ ತಿಂಗಳಿಂದ ಅಪ್ಪ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬರೋಕೆ ಶುರು ಮಾಡಿದರು, ಸೆಕ್ಯುರಿಟಿ ಕೆಲಸಕ್ಕೆ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರೋದು. ನಮ್ಮ ಲೈನಿನ ಅರ್ಧ ಗಂಡಸರ ಕಥೆ ಇದೇ.

ಹಾಗಾಗಿ ಸಿಇಟಿ ಮುಗಿಸಿ ಮನೆಯಲ್ಲಿ ಕೂತಾಗ, ಸೀಟು ಸಿಕ್ಕರೆ ಫೀಸಿಗೆ ಏನು ಮಾಡೋದು ಅನ್ನೋ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ನಾನೇ ಹೊರಟೆ.

ನಮ್ಮ ಕಡೆ ಬೇಸಿಗೆ ಕೆಲಸಕ್ಕೆ ಜಾಹೀರಾತು ಇಲ್ಲ, ಆಪ್ ಇಲ್ಲ. ಮೇಸ್ತ್ರಿ ಇದ್ದಾನೆ. ಬಂಗಾರಪೇಟೆಯ ಒಂದು ಟೀ ಅಂಗಡಿ ಮುಂದೆ ಬೆಳಿಗ್ಗೆ ಐದೂವರೆಗೆ ಟಾಟಾ ಏಸ್ ಬಂದು ನಿಲ್ಲುತ್ತಿತ್ತು. ನನ್ನನ್ನು ಕರೆದುಕೊಂಡು ಹೋದವನು ಪಕ್ಕದ ಲೈನಿನ ಹುಡುಗ. ಮೇಸ್ತ್ರಿ ನನ್ನ ಕೈ ನೋಡಿದ, ಭುಜ ನೋಡಿದ. ತೆಲುಗಿನಲ್ಲಿ "ರೇಪು ರಾ" ಅಂದ. ನಾಳೆ ಬಾ ಅಂತ. ನನ್ನ ಜೀವನದ ಮೊದಲ ಇಂಟರ್ವ್ಯೂ ಅಷ್ಟೇ. ಕೂಲಿ ಎಷ್ಟು ಅಂತ ಕೇಳೋಕೆ ನಾಚಿಕೆಯಾಗಿ ಸುಮ್ಮನೆ ಬಂದೆ.

ಕೋಲಾರದ ಕಡೆ ಈ ಕೆಲಸ ಇಷ್ಟೊಂದು ಇರೋದಕ್ಕೆ ಕಾರಣ ಇದೆ. ಭಾರತದಲ್ಲಿ ನೀಲಗಿರಿ ಮರವನ್ನು ಮೊದಲು ನೆಡಿಸಿದ್ದು ಟಿಪ್ಪು ಸುಲ್ತಾನ್, 1790ರ ಸುಮಾರಿಗೆ, ನಂದಿಬೆಟ್ಟದ ತೋಟದಲ್ಲಿ ಅಂತ ಅರಣ್ಯಶಾಸ್ತ್ರದ ಪುಸ್ತಕಗಳು ಹೇಳ್ತವೆ. ಆದರೆ ನಮ್ಮ ಜಿಲ್ಲೆಯ ರಾಗಿ ಹೊಲಗಳು ನೀಲಗಿರಿ ತೋಪುಗಳಾಗಿದ್ದು 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ. ನೆಟ್ಟು ಬಿಟ್ಟರೆ ಆಯ್ತು, ಮಳೆ ಬರಲಿ ಬಿಡಲಿ ಬೆಳೆಯುತ್ತೆ. ನಾಲ್ಕೈದು ವರ್ಷಕ್ಕೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತೆ. ಕಾಗದದ ಕಾರ್ಖಾನೆಗೆ, ಬೆಂಗಳೂರಿನ ಕಟ್ಟಡಗಳ ಸೆಂಟ್ರಿಂಗ್‌ಗೆ, ಇಟ್ಟಿಗೆ ಗೂಡುಗಳಿಗೆ ಅದೇ ಮರ. ನೀವು ಇರುವ ಅಪಾರ್ಟ್‌ಮೆಂಟಿನ ಸೂರಿಗೆ ಕಾಂಕ್ರೀಟ್ ಹಾಕುವಾಗ ಕೆಳಗೆ ಸಾಲಾಗಿ ಆನಿಸಿ ನಿಲ್ಲಿಸಿದ್ದ ಕಂಬಗಳಲ್ಲಿ ನಮ್ಮೂರ ಕಡೆಯವೂ ಇದ್ದಿರಬಹುದು.

ಅದರ ಬೆಲೆಯನ್ನು ಕೊಳವೆಬಾವಿಗಳು ಕೊಟ್ಟವು. ಸಾವಿರ ಅಡಿ ದಾಟಿದರೂ ನೀರು ಸಿಗದ ಊರುಗಳಲ್ಲಿ ಜನ ಬೈದಿದ್ದು ಈ ಮರವನ್ನೇ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಈಗ ನಮ್ಮ ಕಡೆ ಕಡಿಯುತ್ತಿರೋದು ಹೆಚ್ಚಾಗಿ ಹಳೇ ಬುಡದ ಚಿಗುರನ್ನು. ಕೆಲವರು ಜೆಸಿಬಿ ತಂದು ಬೇರನ್ನೂ ಕೀಳಿಸಿ ಟೊಮ್ಯಾಟೊ, ಮಾವು ಹಾಕ್ತಿದ್ದಾರೆ. ಅಂದರೆ ನನಗೆ ಫೀಸು ಕೊಟ್ಟ ಕೆಲಸ ಕಡಿಮೆಯಾಗ್ತಾ ಹೋಗೋದೇ ಊರಿಗೆ ಒಳ್ಳೆಯದು. ಇದನ್ನು ತಮ್ಮನಿಗೆ ಹೇಳಿದೆ. "ಸರಿ ಅಣ್ಣ, ಈ ವರ್ಷ ಇದೆಯಲ್ಲ" ಅಂದ. ಹದಿನೆಂಟು ವರ್ಷದವನ ಲೆಕ್ಕವೂ ಸರಿಯೇ.

ಕೆಲಸ ಹೇಗಿರುತ್ತೆ ಅಂತ ಹೇಳ್ತೀನಿ. ಮೆಷಿನ್ ಗರಗಸ ಒಬ್ಬನ ಕೈಯಲ್ಲಿ ಮಾತ್ರ. ಅವನು ಬುಡಕ್ಕೆ ಹಿಡಿದರೆ ಅರ್ಧ ನಿಮಿಷಕ್ಕೆ ಮರ ನೆಲಕ್ಕೆ. ಉಳಿದವರು ಮಚ್ಚು ಹಿಡಿದು ರೆಂಬೆ ಸವರಬೇಕು, ತೊಗಟೆ ಸುಲಿಯಬೇಕು, ಅಳತೆಗೆ ತುಂಡು ಮಾಡಬೇಕು, ಹೊತ್ತು ಒಟ್ಟಬೇಕು. ತೊಗಟೆಯನ್ನು ಕಡಿದ ದಿನವೇ ಸುಲಿಯಬೇಕು. ಒಂದು ರಾತ್ರಿ ಬಿಟ್ಟರೆ ಅಂಟಿಕೊಂಡು ಕೂರುತ್ತೆ, ಉಗುರೇ ಕಿತ್ತು ಬರುತ್ತೆ. ಬೆಳಿಗ್ಗೆ ಆರಕ್ಕೆ ಶುರು, ಹನ್ನೊಂದಕ್ಕೆ ನಿಲ್ಲಿಸಿ ಮುದ್ದೆ, ನಾಲ್ಕಕ್ಕೆ ಮತ್ತೆ. ನೀಲಗಿರಿ ತೋಪಿನಲ್ಲಿ ನೆರಳು ಅಂತ ಇರೋದು ಹೆಸರಿಗೆ. ಮೊದಲ ವಾರ ರಾತ್ರಿ ಅಮ್ಮ ಭುಜಕ್ಕೆ ಹರಳೆಣ್ಣೆ ಹಚ್ಚೋರು. ಮೈಯಿಂದ ಬರುತ್ತಿದ್ದ ವಾಸನೆ ಮಾತ್ರ ಶೀತಕ್ಕೆ ಹಚ್ಚುವ ಮುಲಾಮಿನ ಹಾಗೆ ಚೆನ್ನಾಗಿತ್ತು.

ದುಡ್ಡಿನ ಲೆಕ್ಕ ಅರ್ಥವಾಗಿದ್ದು ಮೂರನೇ ವಾರ. ರೈತ ನಿಂತ ಮರವನ್ನೇ ಅಂದಾಜಿನ ಮೇಲೆ ಮರದ ವ್ಯಾಪಾರಿಗೆ ಮಾರಿರ್ತಾನೆ. ವ್ಯಾಪಾರಿ ಕಡಿಯೋದನ್ನು ಟನ್ ಲೆಕ್ಕದಲ್ಲಿ ಮೇಸ್ತ್ರಿಗೆ ವಹಿಸ್ತಾನೆ. ಮೇಸ್ತ್ರಿ ಒಂಬತ್ತು ಜನರನ್ನು ಸೇರಿಸ್ತಾನೆ. ನಮಗೆ ಟನ್‌ಗೆ 300 ರೂಪಾಯಿ ಅಂತ ಹೇಳಿದ್ದ. ಒಂದು ಲಾರಿ ಹತ್ತು ಟನ್ ಅಂದ್ರೆ 3,000, ತಲೆಗೆ 333. ಆದರೆ ಕೈಗೆ ಬಂದದ್ದು ಒಂದು ದಿನವೂ 333 ಅಲ್ಲ. ಯಾಕೆ? ತೂಕದ ಚೀಟಿಯನ್ನು ನಾವು ನೋಡಿದ್ದೇ ಇಲ್ಲ. ಇನ್ನೊಂದು, ಹಸಿ ಮರದಲ್ಲಿ ನೀರೇ ಹೆಚ್ಚು. ಬೇಸಿಗೆಯ ಬಿಸಿಲಲ್ಲಿ ಲಾರಿ ಎರಡು ದಿನ ತಡವಾಗಿ ಬಂದರೆ ತೂಕ ಇಳಿದಿರುತ್ತೆ. ನಾವು ಹೊತ್ತದ್ದು ಹತ್ತು ಟನ್, ಲಾರಿ ತೂಗಿದ್ದು ಎಂಟೂವರೆ. ಆವಿಯಾದ ನೀರಿಗೆ ಯಾರೂ ಕೂಲಿ ಕೊಡಲ್ಲ. ಲಾರಿ ಯಾಕೆ ಪ್ರತಿ ಸಲ ತಡ ಅಂತ ಆಗ ಹೊಳೆಯಿತು.

ನಮ್ಮ ಗ್ಯಾಂಗಿನಲ್ಲಿ ಒಬ್ಬರು ತಮಿಳು ಅಣ್ಣ ಇದ್ದರು. ಐವತ್ತರ ಆಸುಪಾಸು. ನಂದಿದುರ್ಗ ಗಣಿಯಲ್ಲಿ ವರ್ಷಗಟ್ಟಲೆ ಭೂಮಿಯೊಳಗೆ ಇಳಿದವರು. ಬಂಡೆ ಸಿಡಿಯುವ ಸದ್ದು ಹೇಗಿರುತ್ತೆ ಅಂತ ಊಟದ ಹೊತ್ತಿಗೆ ಹೇಳೋರು. ನನ್ನನ್ನು "ತಂಬಿ" ಅಂತ ಕರೆಯೋರು. ದಪ್ಪ ತುದಿ ತಾವು ಹಿಡಿದು ಸಣ್ಣ ತುದಿ ನನಗೆ ಬಿಡೋರು.

ನಾಲ್ಕನೇ ವಾರ ಲೋಡಿಂಗ್ ಹೊತ್ತಲ್ಲಿ, ಕತ್ತಲಾಗ್ತಿತ್ತು, ಲಾರಿ ಡ್ರೈವರ್‌ಗೆ ಅವಸರ. ಮೇಲಿನ ಸಾಲಿಗೆ ಹಗ್ಗ ಬಿಗಿಯುವ ಮೊದಲೇ ಕೆಳಗಿನಿಂದ ಇನ್ನೊಂದು ತುಂಡು ಕೊಟ್ಟರು. ಮೇಲಿಂದ ಎರಡು ಉರುಳಿ ಬಂದವು. ಒಂದು ನೆಲಕ್ಕೆ ಬಿತ್ತು, ಇನ್ನೊಂದು ಅಣ್ಣನ ಮೊಣಕಾಲಿನ ಕೆಳಗೆ. ಅವರು ಕೂಗಲಿಲ್ಲ. ಕೂತುಬಿಟ್ಟರು. ಕಾಲು ತಿರುಗಬಾರದ ಕಡೆ ತಿರುಗಿತ್ತು.

ಮೇಸ್ತ್ರಿ ಎರಡು ಐನೂರರ ನೋಟು ಕೊಟ್ಟು ಆಟೋ ಹತ್ತಿಸಿದ. ಮುಗೀತು.

ಆ ರಾತ್ರಿ ಟೀ ಅಂಗಡಿ ಮುಂದೆ ಎಲ್ಲರೂ ನನ್ನ ಕಡೆ ತಿರುಗಿದರು. "ನೀನು ಓದಿದವನು. ಸಾಹುಕಾರನ ಹತ್ತಿರ ಮಾತಾಡು." ಸಾಹುಕಾರ ಯಾರು ಅಂತಲೇ ನನಗೆ ಗೊತ್ತಿರಲಿಲ್ಲ. ತೋಪು ಯಾರದು, ಮರ ಕೊಂಡವನು ಯಾರು, ಒಂಬತ್ತು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕು ಅಂದ್ರೆ ಹುಡುಕಿದ್ದರೆ ಒಂದು ದಿನದಲ್ಲಿ ಗೊತ್ತಾಗ್ತಿತ್ತು. ಲಾರಿ ನಂಬರ್ ಇತ್ತು, ವೇಬ್ರಿಡ್ಜ್ ಇತ್ತು. ಆದರೆ ನನ್ನ ಮೂರು ವಾರದ ಕೂಲಿ ಮೇಸ್ತ್ರಿ ಹತ್ತಿರ ಬಾಕಿ ಇತ್ತು. ನಾನು ಸುಮ್ಮನಿದ್ದೆ. ಶನಿವಾರ ಬಾಕಿ ಕೈಗೆ ಬಂತು. ಭಾನುವಾರದಿಂದ ಹೋಗಲಿಲ್ಲ.

ಎರಡು ವರ್ಷದ ಮೇಲೆ ಅವರನ್ನು ಮಾರಿಕುಪ್ಪಂ ರೈಲಿನಲ್ಲಿ ನೋಡಿದೆ. ಕುಂಟುತ್ತಾ ಕಡಲೆಕಾಯಿ ಮಾರ್ತಿದ್ದರು. "ತಂಬಿ, ಎಂಜಿನಿಯರಾ?" ಅಂತ ಕೇಳಿ ಒಂದು ಪೊಟ್ಟಣ ಕೈಗಿಟ್ಟರು. ದುಡ್ಡು ತಗೊಳ್ಳಲಿಲ್ಲ. ಕೋರಮಂಡಲ್ ಸ್ಟೇಷನ್ ಬರೋವರೆಗೂ ಆ ಪೊಟ್ಟಣ ಬಿಚ್ಚಲಾಗಲಿಲ್ಲ.

ಕೆಲಸದಲ್ಲಿ ಗಾಯವಾದರೆ ಪರಿಹಾರ ಕೇಳುವ ಕಾನೂನು ಈ ದೇಶದಲ್ಲಿ 1923ರಲ್ಲೇ ಬಂದಿದೆ. ಗುತ್ತಿಗೆದಾರನ ಮೂಲಕ ಕೆಲಸ ಮಾಡಿಸಿದರೂ ಎಷ್ಟೋ ಸಂದರ್ಭದಲ್ಲಿ ಮೇಲಿನವನನ್ನು ಕೇಳಬಹುದು. ಇದನ್ನು ನಾನು ಓದಿ ತಿಳಿದದ್ದು ಕೆಲಸ ಸಿಕ್ಕ ಮೇಲೆ, ಎಸಿ ರೂಮಿನಲ್ಲಿ ಕೂತು. ಕೇಳಬೇಕಾದರೆ ಮೊದಲು ಹೆಸರು ಬೇಕು.

ಕಳೆದ ವರ್ಷ ಟೀಮ್ ಕಾಲ್‌ನಲ್ಲಿ ಕೆನಡಾದ ಸಹೋದ್ಯೋಗಿ ಒಬ್ಬ ಕಾಲೇಜು ದಿನಗಳ ಬೇಸಿಗೆ ಬಗ್ಗೆ ಹೇಳ್ತಿದ್ದ. ಬ್ರಿಟಿಷ್ ಕೊಲಂಬಿಯಾದಲ್ಲಿ ಮರ ಕಡಿದು ಖಾಲಿಯಾದ ಜಾಗಗಳಲ್ಲಿ ಸಸಿ ನೆಡೋದು. ಅಲ್ಲಿ ವಿದ್ಯಾರ್ಥಿಗಳಿಗೆ ಅದು ಮಾಮೂಲಿ ಬೇಸಿಗೆ ಕೆಲಸ. ಟೆಂಟಿನಲ್ಲಿ ವಾಸ, ಸೊಳ್ಳೆ, ಮಳೆ, ಸಸಿಗೆ ಇಷ್ಟು ಅಂತ ದುಡ್ಡು. ಅದನ್ನು ರೆಸ್ಯೂಮೆಯಲ್ಲೂ ಹಾಕಿದ್ದಾನಂತೆ. ಎಲ್ಲರೂ "ವಾವ್" ಅಂದರು. ನಾನು ಮ್ಯೂಟ್‌ನಲ್ಲಿದ್ದೆ. ಅನ್‌ಮ್ಯೂಟ್ ಮಾಡೋಕೆ ಬೆರಳು ಹೋಯ್ತು, ವಾಪಸ್ ಬಂತು. ಅವನ ಕಥೆ ಸಾಹಸ, ನನ್ನದು ಬಡತನ ಅಂತ ಕೇಳಿಸುತ್ತೆ ಅನ್ನೋ ಭಯ. ಅದಕ್ಕಿಂತ ದೊಡ್ಡ ಭಯ, ಪೂರ್ತಿ ಹೇಳಿದರೆ ಆ ಶನಿವಾರದ ವಿಷಯವನ್ನೂ ಹೇಳಬೇಕಲ್ಲ ಅಂತ.

ಹಾಗಾಗಿ ತಮ್ಮನಿಗೆ ಬೇಡ ಅನ್ನಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ. ಶನಿವಾರ ಬಂಗಾರಪೇಟೆಗೆ ಹೋದೆ.

ಮೊದಲು ನರೇಗಾ ನೋಡೋಣ ಅಂದೆ. ಚಿಕ್ಕಮ್ಮನದು ಹಳ್ಳಿ, ಮನೆಗೆ ಜಾಬ್ ಕಾರ್ಡ್ ಇದೆ, ಅವನಿಗೆ ಜನವರಿಗೆ ಹದಿನೆಂಟು ತುಂಬಿದೆ. (ನಮ್ಮ ಲೈನುಗಳು ನಗರಸಭೆಯಲ್ಲಿವೆ, ನಮಗೆ ಈ ಬಾಗಿಲೇ ಇಲ್ಲ.) 2025ರ ಏಪ್ರಿಲ್‌ನಿಂದ ಕರ್ನಾಟಕದ ಕೂಲಿ ದಿನಕ್ಕೆ 370 ರೂಪಾಯಿ ಆಗಿತ್ತು, ಗಂಡಸರಿಗೂ ಹೆಂಗಸರಿಗೂ ಒಂದೇ. ಕೆಲಸ ಬೇಕು ಅಂತ ಅರ್ಜಿ ಕೊಟ್ಟು ದಿನಾಂಕ ಇರುವ ರಸೀದಿ ಇಸ್ಕೊಳ್ಳಬೇಕಿತ್ತು. ಹದಿನೈದು ದಿನದಲ್ಲಿ ಕೆಲಸ ಕೊಡದಿದ್ದರೆ ಭತ್ಯೆ ಕೇಳುವ ಹಕ್ಕು ಹುಟ್ಟುತ್ತಿದ್ದದ್ದೇ ಆ ರಸೀದಿಯಿಂದ. ಕೆರೆ ಹೂಳು ಎತ್ತುವ ಕೆಲಸಕ್ಕೆ ಅಮ್ಮ ಮಗ ಇಬ್ಬರೂ ಹೋದರು. ದಿನಕ್ಕೆ ಎರಡು ಸಲ ಆಪ್‌ನಲ್ಲಿ ಫೋಟೊ ಹಾಜರಿ. "ಅಣ್ಣ, ನೆಟ್‌ವರ್ಕ್ ಸಿಗೋ ಜಾಗಕ್ಕೆ ಎಲ್ರೂ ಗುದ್ದಲಿ ಹಿಡ್ಕೊಂಡು ಓಡ್ತೀವಿ" ಅಂತ ನಗ್ತಿದ್ದ. ನಾನು ಆಪ್ ಮಾಡೋನು, ನಗು ಬರಲಿಲ್ಲ. ಹದಿನಾಲ್ಕು ದಿನಕ್ಕೆ ಆ ಕೆಲಸ ಮುಗೀತು.

ಆಮೇಲೆ ನೀಲಗಿರಿ. ಟೀ ಅಂಗಡಿ ಅದೇ. ಈಗ ಬೆಳಿಗ್ಗೆ ಐದೂವರೆಗೆ ಅಲ್ಲಿ ಫೋನ್‌ಪೇ ಸದ್ದೂ ಕೇಳುತ್ತೆ. ಮೇಸ್ತ್ರಿಯನ್ನು ಏನೇನು ಕೇಳಬೇಕು ಅಂತ ಹಿಂದಿನ ರಾತ್ರಿ ತಮ್ಮನಿಗೆ ಬರೆದುಕೊಟ್ಟಿದ್ದೆ. ತೋಪು ಯಾರದು, ಪಟ್ಟಾ ಜಮೀನಾ? ಇದು ಮುಖ್ಯ. ಸ್ವಂತ ಜಮೀನಿನ ನೀಲಗಿರಿ ಕಡಿಯೋಕೆ ಮರ ಸಂರಕ್ಷಣಾ ಕಾಯ್ದೆಯಲ್ಲಿ ಅನುಮತಿ ಬೇಕಿಲ್ಲ, ಆದರೆ ಜಾಗ ಅರಣ್ಯ ಇಲಾಖೆಯದೋ ಗೋಮಾಳವೋ ಆಗಿದ್ದರೆ ಸಿಕ್ಕಿಬೀಳೋದು ಮಚ್ಚು ಹಿಡಿದವನೇ. ಮರ ಕೊಂಡ ವ್ಯಾಪಾರಿ ಯಾರು, ಅವರ ನಂಬರ್ ಏನು? ಟನ್ ಲೆಕ್ಕವಾ, ದಿನದ ಲೆಕ್ಕವಾ? ತೂಕ ಯಾರ ಮುಂದೆ, ಚೀಟಿಯ ಫೋಟೊ ಗ್ರೂಪಿಗೆ ಹಾಕ್ತಾರಾ? ಲಾರಿ ತಡವಾದರೆ ಏನು? ಗಾಯವಾದರೆ ಆಸ್ಪತ್ರೆ ಯಾರ ಖರ್ಚು? ಅಡ್ವಾನ್ಸ್ ಮಾತ್ರ ಮುಟ್ಟಬೇಡ ಅಂದೆ. ಮೇಸ್ತ್ರಿಯ ಅಡ್ವಾನ್ಸ್ ತಗೊಂಡವನಿಗೆ ಇದ್ಯಾವುದನ್ನೂ ಕೇಳೋಕೆ ಬಾಯಿ ಇರಲ್ಲ.

ಮೊದಲ ಮೇಸ್ತ್ರಿ ಮೂರನೇ ಪ್ರಶ್ನೆಗೇ ಸಿಟ್ಟಾದ. "ಕೆಲಸಕ್ಕೆ ಬಂದಿದ್ದೀಯೋ, ಇನ್‌ಸ್ಪೆಕ್ಷನ್‌ಗೋ?" ಗಾಡಿ ಇವನನ್ನು ಬಿಟ್ಟು ಹೋಯ್ತು. ಚಿಕ್ಕಮ್ಮನಿಗೆ ಖುಷಿಯೋ ಖುಷಿ. ತಮ್ಮ ಮಾತ್ರ ನನ್ನ ಹತ್ತಿರ ಎರಡು ದಿನ ಮಾತು ಬಿಟ್ಟ. ಅವನ ಸಿಟ್ಟಿನಲ್ಲಿ ನ್ಯಾಯ ಇತ್ತು. ತಿಂಗಳ ಸಂಬಳ ಬರುವ ನಾನು ಪ್ರಶ್ನೆ ಬರೆದುಕೊಡೋದು ಸುಲಭ, ಕೇಳಿ ಕೆಲಸ ಕಳಕೊಂಡವನು ಅವನು.

ಎರಡನೇ ಮೇಸ್ತ್ರಿ ಮಾಲೂರು ಕಡೆಯವರು, ವಯಸ್ಸಾದವರು. ಪ್ರಶ್ನೆ ಕೇಳಿ ನಕ್ಕು, ವ್ಯಾಪಾರಿಗೆ ಅಲ್ಲೇ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದರಂತೆ. ಟನ್‌ಗೆ 650, ಚೀಟಿ ತೋರಿಸ್ತೀನಿ. ಆಸ್ಪತ್ರೆ ವಿಷಯಕ್ಕೆ "ನೋಡೋಣ" ಅಂದರು. "ನೋಡೋಣ" ಅಂದರೆ ಏನು ಅಂತ ನನಗೆ ಗೊತ್ತು. ಅದಕ್ಕೆ ತಮ್ಮನ ಬ್ಯಾಂಕಿನಲ್ಲಿ ಸುರಕ್ಷಾ ಬಿಮಾ ಮಾಡಿಸಿದೆವು. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ. ಇದರ ವರ್ಷ ಜೂನ್ 1ರಿಂದ ಮೇ 31. ಏಪ್ರಿಲ್‌ನಲ್ಲಿ ಸೇರಿದರೆ ಮೇ ಕೊನೆಗೇ ಮುಗಿಯುತ್ತೆ, ಜೂನ್‌ಗೆ ಖಾತೆಯಲ್ಲಿ ಮತ್ತೆ 20 ಇರಲೇಬೇಕು. ಕಾಲು ಮುರಿದರೆ ಇದರಿಂದ ಆಸ್ಪತ್ರೆ ಬಿಲ್ ಬರಲ್ಲ, ಅದನ್ನೂ ಚಿಕ್ಕಮ್ಮನಿಗೆ ಮುಚ್ಚಿಡದೆ ಹೇಳಿದೆ.

ಐದು ವಾರ ಹೋದ. ಮೆಷಿನ್ ಮುಟ್ಟಲ್ಲ, ಮರ ಬೀಳುವಾಗ ಎರಡು ಮರದುದ್ದ ದೂರ ನಿಲ್ಲೋದು, ಕತ್ತಲಾದ ಮೇಲೆ ಲೋಡಿಂಗ್ ಇಲ್ಲ. ಈ ಮೂರಕ್ಕೆ ಚಿಕ್ಕಮ್ಮ ಅವನಿಂದ ದೇವರ ಫೋಟೊ ಮುಂದೆ ಆಣೆ ಹಾಕಿಸಿದ್ದರು. ಎರಡನೇ ವಾರ ಲಾರಿ ಎರಡು ದಿನ ತಡ. ಗ್ರೂಪಿಗೆ ಬಂದ ಚೀಟಿಯಲ್ಲಿ 8.9 ಟನ್. ಹಿಂದಿನ ಲೋಡು ಅಷ್ಟೇ ಎತ್ತರಕ್ಕೆ 10.2 ಇತ್ತು. ಎರಡು ಫೋಟೊ ಪಕ್ಕಪಕ್ಕ ಇಟ್ಟು ಅವನೇ ಮೇಸ್ತ್ರಿಗೆ ತೋರಿಸಿದ. ಒಂದಿಷ್ಟು ಜಗಳ ಆಯ್ತು. ಕೊನೆಗೆ, ಲಾರಿ ಮಾರನೇ ದಿನವೂ ಬರದಿದ್ದರೆ ತಲೆಗೆ 700 ದಿನಗೂಲಿ ಅಂತ ತೀರ್ಮಾನವಾಯ್ತು. ಆಮೇಲೆ ಲಾರಿ ತಡವಾಗಿದ್ದು ಒಂದೇ ಸಲ.

ಜೂನ್‌ಗೆ ಶ್ರೀನಿವಾಸಪುರದಲ್ಲಿ ಮಾವಿನ ಕೆಲಸ ಅಂತ ಲೆಕ್ಕ ಹಾಕಿದ್ದ. ದೋಟಿ ಹಿಡಿದು ಕೀಳೋದು, ಕ್ರೇಟ್ ತುಂಬೋದು. ಅದು ಕೈಕೊಟ್ಟಿತು. ತೋತಾಪುರಿ ಬೆಲೆ ನೆಲ ಕಚ್ಚಿತ್ತು. ನಮ್ಮ ಕಾಯಿ ಹೆಚ್ಚಾಗಿ ಹೋಗುತ್ತಿದ್ದ ಆಂಧ್ರದ ಚಿತ್ತೂರು ಜಿಲ್ಲೆಯವರು ಕರ್ನಾಟಕದ ತೋತಾಪುರಿಗೆ ಗಡಿಯಲ್ಲೇ ತಡೆ ಹಾಕಿದ್ದರು. ಕೇಂದ್ರ ಕ್ವಿಂಟಲ್‌ಗೆ 1,616 ರೂಪಾಯಿ ಲೆಕ್ಕದಲ್ಲಿ ಬೆಲೆ ವ್ಯತ್ಯಾಸ ತುಂಬಿಕೊಡೋದಾಗಿ ಒಪ್ಪೋ ಹೊತ್ತಿಗೆ ಎಷ್ಟೋ ತೋಟಗಳಲ್ಲಿ ಕಾಯಿ ಮರದಲ್ಲೇ ಉಳಿದಿತ್ತು. ಕೀಳುವ ಕೂಲಿಯೇ ಹುಟ್ಟಲ್ಲ ಅಂದ ಮೇಲೆ ಕೀಳೋರನ್ನು ಯಾರು ಕರೀತಾರೆ? ಒಂಬತ್ತು ದಿನಕ್ಕೆ ವಾಪಸ್ ಬಂದ, ಕೆನ್ನೆ ಮೇಲೆ ಸೊನೆ ಸುಟ್ಟ ಕಪ್ಪು ಗುರುತು ಇಟ್ಕೊಂಡು.

ಎಲ್ಲ ಸೇರಿ ಬಿಸಿಎ ಮೊದಲ ವರ್ಷದ ಫೀಸು ಆಯ್ತು, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ ಅರ್ಧ ದುಡ್ಡೂ ಆಯ್ತು. ಉಳಿದರ್ಧ ನಾನು ಹಾಕಿದೆ. ಸಾಲ ಅಂತ ಬರೆದಿಟ್ಕೊಂಡಿದ್ದಾನೆ.

ಮೊನ್ನೆ ಕಾಲೇಜಿನಲ್ಲಿ ಯಾವುದೋ ಟ್ರೈನಿಂಗ್‌ಗೆ ರೆಸ್ಯೂಮೆ ಕೇಳಿದರಂತೆ, ನೋಡಿಕೊಡು ಅಂತ ಕಳಿಸಿದ. "ಅನುಭವ" ಅನ್ನೋ ಕಡೆ ಬರೆದಿದ್ದ: "ಬೇಸಿಗೆ 2025. ಮರ ಕಟಿಂಗ್ ಮತ್ತು ಲೋಡಿಂಗ್. ಒಂಬತ್ತು ಜನರ ತೂಕದ ಲೆಕ್ಕ ನೋಡಿಕೊಂಡಿದ್ದು." ಕರ್ಸರ್ ಆ ಸಾಲಿನ ಮೇಲೆ ತುಂಬಾ ಹೊತ್ತು ಮಿಟುಕುತ್ತಾ ಇತ್ತು. ಇಂಗ್ಲಿಷಿನಲ್ಲಿ ವೇಬ್ರಿಡ್ಜ್ ಸ್ಪೆಲ್ಲಿಂಗ್ ತಪ್ಪಿತ್ತು. ಅದನ್ನು ಸರಿ ಮಾಡಿ, ಉಳಿದದ್ದನ್ನು ಹಾಗೇ ಬಿಟ್ಟು ಕಳಿಸಿದೆ.